ಬೆರಳು ದಪ್ಪ ಅಲ್ಲ, ಕಡ್ಡಿ ಸಣ್ಣದು

ರಾಣೆಬೆನ್ನೂರು ಸೀಮೆಯ ಹೆಣ್ಣುಮಕ್ಕಳ ಬೆರಳಿನ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ನಮಗೆ ಸಿಟ್ಟು ಬರುತ್ತದೆ. ಇಲ್ಲಿ ಬೀಜೋತ್ಪಾದನೆ ದೊಡ್ಡ ಕಸುಬು. ಹೈಬ್ರಿಡ್ ಹತ್ತಿ ಬೀಜ ಬೇಕೆಂದರೆ ಮಧ್ಯಾಹ್ನದ ಮೇಲೆ ಹೊಲಕ್ಕೆ ಹೋಗಿ, ಮರುದಿನ ಅರಳುವ ಮೊಗ್ಗನ್ನು ಗುರುತಿಸಿ, ಅದರೊಳಗಿನ ಗಂಡು ಭಾಗವನ್ನು ಉಗುರಿನಿಂದ ಕಿತ್ತು ತೆಗೆಯಬೇಕು. ಹೆಣ್ಣು ಭಾಗಕ್ಕೆ ಗಾಯವಾಗಬಾರದು. ಮರುದಿನ ಬೆಳಿಗ್ಗೆ ಬೇರೆ ತಳಿಯ ಗಂಡು ಹೂ ತಂದು ಅದಕ್ಕೆ ಸವರಬೇಕು. ಇದಕ್ಕೆ ಕ್ರಾಸಿಂಗ್ ಎನ್ನುತ್ತಾರೆ. ಸಾಲು ಹಿಡಿದರೆ ಮೊಗ್ಗಿನ ಮೇಲೆ ಮೊಗ್ಗು, ನಿಲ್ಲುವಂತಿಲ್ಲ. ಈ ಕೆಲಸ ಮಾಡುವವರು ಕ್ರೋಶಾ ತರಬೇತಿಗೆ ಹೋಗಿ ಮೂರನೇ ದಿನಕ್ಕೆ ವಾಪಸ್ ಬಂದು, "ನಮ್ಮ ಬೆರಳು ದಪ್ಪ ಅದಾವ್ರಿ ಅಕ್ಕಾರ, ನಮಗ ಇದು ಬರಂಗಿಲ್ಲ ಬಿಡ್ರಿ" ಎಂದರು.

ನಾವು ಎಂದರೆ ಒಂದೇ ಓಣಿಯ ಐದು ಮಂದಿ. ಇಬ್ಬರು ಕ್ರಾಸಿಂಗ್‌ಗೆ ಹೋಗುವವರು, ಒಬ್ಬರು ಟೇಲರ್, ಒಬ್ಬರು ಅಂಗನವಾಡಿ ಸಹಾಯಕಿ, ಐದನೆಯವಳು ಒಂದು ವರದಿಗೆ ಇಷ್ಟು ಎಂದು ಎಣಿಸಿ ಕೊಡುವ ಪತ್ರಿಕೆಗೆ ಸುದ್ದಿ ಕಳಿಸುವ ಈ ಬರಹಗಾರ್ತಿ. ಐವರಿಗೂ ತಿಂಗಳಲ್ಲಿ ಕೈ ಖಾಲಿ ಇರುವ ದಿನಗಳಿವೆ. ಕ್ರೋಶಾ ಕಲಿಯಬೇಕು ಎನ್ನಿಸಿದ್ದು ಹವ್ಯಾಸಕ್ಕಲ್ಲ.

ತರಬೇತಿ ಕೊಟ್ಟ ಸಂಸ್ಥೆಯ ಹೆಸರು ಬೇಡ. ಆದರೆ ಅಲ್ಲಿ ಕೊಟ್ಟ ಕಿಟ್ ತೆರೆದು ನೋಡಿದಾಗಲೇ ವಿಷಯ ತಿಳಿಯಿತು. 1 ಮಿ.ಮೀ. ದಪ್ಪದ ಉಕ್ಕಿನ ಕಡ್ಡಿ, ಅದಕ್ಕೊಂದು ಉಂಡೆ ಕಪ್ಪು ನೂಲು. ಲೇಸ್ ಹೆಣೆದು ಪಳಗಿದವರೂ ಕಪ್ಪು ನೂಲನ್ನು ಹಗಲಿನಲ್ಲೇ ಹಿಡಿಯುತ್ತಾರೆ. ಹೊಸಬರಿಗೆ ಅದನ್ನು ಕೊಟ್ಟು ಟ್ಯೂಬ್‌ಲೈಟ್ ಕೆಳಗೆ ಕೂರಿಸಿದರೆ ಕಣ್ಣು ಎಲ್ಲಿದೆ, ಕಡ್ಡಿ ಎಲ್ಲಿ ತೂರಿಸಬೇಕು ಎಂದೇ ಕಾಣುವುದಿಲ್ಲ. ಪ್ರಮಾಣಪತ್ರ ಮಾತ್ರ ಎಲ್ಲರಿಗೂ ಸಿಕ್ಕಿತು.

ಕ್ರೋಶಾದಲ್ಲಿ ಇರುವುದು ಒಂದು ಕೊಕ್ಕೆ ಕಡ್ಡಿ, ಒಂದು ದಾರ. ಒಂದು ಕುಣಿಕೆಯೊಳಗಿಂದ ಇನ್ನೊಂದು ಕುಣಿಕೆ ಎಳೆಯುವುದೇ ಪೂರ್ತಿ ವಿದ್ಯೆ. ಕುಣಿಕೆ ಎಷ್ಟು ದೊಡ್ಡದು ಎಂಬುದು ಕಡ್ಡಿಯ ದಪ್ಪಕ್ಕೆ ಬಿಟ್ಟದ್ದು. ಹಾಗಾಗಿ ಕಡ್ಡಿ ಮತ್ತು ದಾರದ ಜೋಡಿ ಸರಿ ಇಲ್ಲದಿದ್ದರೆ ಯಾವ ಬೆರಳೂ ಏನೂ ಮಾಡಲಾಗದು. ಸಣ್ಣ ಕಡ್ಡಿಗೆ ದಪ್ಪ ದಾರ ಹಾಕಿದರೆ ಕೊಕ್ಕೆ ಅರ್ಧ ಎಳೆಯನ್ನಷ್ಟೇ ಹಿಡಿದು ದಾರ ಸೀಳುತ್ತದೆ. ದಪ್ಪ ಕಡ್ಡಿಗೆ ಸಣ್ಣ ನೂಲಾದರೆ ಬಲೆ ಆಗುತ್ತದೆ.

ನಾವು ಮತ್ತೆ ಶುರು ಮಾಡಿದ್ದು 5 ಮಿ.ಮೀ. ಅಲ್ಯೂಮಿನಿಯಂ ಕಡ್ಡಿಯಿಂದ. ಆನ್‌ಲೈನ್‌ನಲ್ಲಿ ಬಣ್ಣ ಬಣ್ಣದ ಹನ್ನೆರಡು ಕಡ್ಡಿಯ ಸೆಟ್ ಕಣ್ಣಿಗೆ ಚೆಂದ ಕಾಣುತ್ತದೆ. ಅದರಲ್ಲಿ ಮೊದಲ ಆರು ತಿಂಗಳು ಕೈಗೆ ಬರುವುದು ಎರಡೇ, 4 ಮತ್ತು 5. ಬಿಡಿಯಾಗಿ ಕೊಂಡರೆ ಒಂದು ಕಡ್ಡಿಗೆ ಒಂದು ಪ್ಲೇಟ್ ಗಿರ್ಮಿಟ್ ಮತ್ತು ಚಹಾದ ಖರ್ಚು. ಪ್ಲಾಸ್ಟಿಕ್ ಕಡ್ಡಿ ಬೇಡವೇ ಬೇಡ: ಅಚ್ಚಿನ ಗೆರೆ ಉಳಿದಿರುತ್ತದೆ, ದಾರ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಬಿದಿರಿನದು ಹಗುರ, ಬೆಚ್ಚಗೆ, ಆದರೆ ದಾರ ಜಾರುವುದು ನಿಧಾನ. ಕೈ ಬಿಗಿ ಇರುವವರಿಗೆ ನುಣುಪಾದ ಲೋಹವೇ ವಾಸಿ.

ಅಂಗಡಿಯಲ್ಲಿ "ಎಷ್ಟು ನಂಬರ್?" ಎಂದು ಕೇಳುತ್ತಾರೆ. ನಂಬರ್ ಹೇಳಬೇಡಿ, ಮಿಲಿಮೀಟರ್ ಹೇಳಿ. ಅಮೆರಿಕದ ಲೆಕ್ಕದಲ್ಲಿ 6 ಎಂದರೆ 4 ಮಿ.ಮೀ., ಹಳೆಯ ಬ್ರಿಟಿಷ್ ಲೆಕ್ಕದಲ್ಲಿ ಅದೇ 6 ಎಂದರೆ 5 ಮಿ.ಮೀ. ಉಕ್ಕಿನ ಸಣ್ಣ ಕಡ್ಡಿಗಳಲ್ಲಂತೂ ನಂಬರ್ ಏರಿದಷ್ಟೂ ಕಡ್ಡಿ ಸಣ್ಣದಾಗುತ್ತದೆ. ಹೆಬ್ಬೆರಳು ಇಡುವ ಚಪ್ಪಟೆ ಜಾಗದಲ್ಲಿ ಮಿಲಿಮೀಟರ್ ಕೊರೆದಿರುತ್ತಾರೆ, ಅದನ್ನು ನೋಡಿಯೇ ದುಡ್ಡು ಕೊಡಿ. ಇಂಥದ್ದೇ ಇನ್ನೊಂದು ಗೊಂದಲ ಯೂಟ್ಯೂಬ್‌ನಲ್ಲಿದೆ. ಅಮೆರಿಕದವರ ಸಿಂಗಲ್ ಕ್ರೋಶೆಗೆ ಬ್ರಿಟನ್ನಿನವರು ಡಬಲ್ ಕ್ರೋಶೆ ಎನ್ನುತ್ತಾರೆ. ವಿಡಿಯೊ ಯಾರದೆಂದು ನೋಡದೆ ಹೆಣೆದರೆ ಟೋಪಿ ಚೀಲವಾದೀತು.

ದಾರದ ಮಾತು. ಉಣ್ಣೆ ಇರಲಿ ಬಿಡಲಿ, ನಮ್ಮ ಕಡೆ ಎಲ್ಲಕ್ಕೂ ಉಲ್ಲನ್ ಎಂದೇ ಹೆಸರು. ಸಣ್ಣ ಊರಿನ ಅಂಗಡಿಯಲ್ಲಿ ಸಿಗುವುದು ಹೆಚ್ಚಿನ ಪಾಲು ಅಕ್ರಿಲಿಕ್. ಅದೇನು ಕೆಟ್ಟದ್ದಲ್ಲ. ಅಗ್ಗ, ಸ್ವಲ್ಪ ಹಿಗ್ಗುತ್ತದೆ, ಬಿಚ್ಚಿ ಮತ್ತೆ ಹಾಕಿದರೂ ತಡೆಯುತ್ತದೆ. ಕಲಿಯುವವರಿಗೆ ಬೇಕಾದದ್ದು ಅದೇ. ತಿಳಿ ಹಳದಿ, ತಿಳಿ ನೀಲಿ, ಕೆನೆ ಬಣ್ಣ ಯಾವುದಾದರೂ ಆದೀತು, ಕಣ್ಣು ಎಣಿಸಲು ಬಂದರೆ ಸಾಕು. ಹಿಂಜಿದ ಹತ್ತಿಯಂತೆ ಕೂದಲು ಕೂದಲು ಇರುವುದನ್ನು ಕೊಳ್ಳಬೇಡಿ. ತಪ್ಪು ಕಾಣುವುದಿಲ್ಲ, ಕಂಡರೂ ಬಿಚ್ಚಲು ಬರುವುದಿಲ್ಲ.

ಅಡುಗೆಮನೆಗೆ ಮಾಡುವುದಾದರೆ ಮಾತ್ರ ಹತ್ತಿಯದೇ ಬೇಕು. ಬಿಸಿ ಪಾತ್ರೆ ಹಿಡಿಯುವ ಬಟ್ಟೆಯನ್ನು ಅಕ್ರಿಲಿಕ್‌ನಲ್ಲಿ ಹೆಣೆದರೆ ಕರಗಿ ಕೈಗೆ ಅಂಟೀತು. ಅಂಗಡಿಯವರು "ಪ್ಯೂರ್ ಕಾಟನ್" ಎಂದಾಗ ನಮ್ಮ ಟೇಲರ್ ಅಕ್ಕ ಒಂದು ಎಳೆ ಕಿತ್ತು ಬೆಂಕಿಗೆ ಹಿಡಿಯುತ್ತಾರೆ. ಹತ್ತಿಯಾದರೆ ಕಾಗದದ ವಾಸನೆ, ಬೂದಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ. ಅಕ್ರಿಲಿಕ್ ಆದರೆ ಕರಗಿ ಗಟ್ಟಿ ಗುಂಡು. ಅಂಗಡಿಯವನ ಮುಖ ನೋಡಬೇಕು ಆಗ!

5 ಮಿ.ಮೀ. ಕಡ್ಡಿ, ತಿಳಿ ಹಳದಿ ದಾರ ಕೈಗೆ ಕೊಟ್ಟ ದಿನ, ಬೆರಳು ದಪ್ಪ ಎಂದಿದ್ದವರು ಗಂಟೆಯೊಳಗೆ ಸಾಲು ತಿರುಗಿಸಿದರು. "ಇದು ಕ್ರಾಸಿಂಗ್‌ಕಿಂತ ಹಗುರ ಐತಲ್ರಿ" ಎಂದರು. ಅವರ ಕೈ ಬಿಗಿ, ಬಟ್ಟೆ ರಟ್ಟಿನಂತೆ ಬರುತ್ತಿತ್ತು. ಕೈ ಸಡಿಲ ಬಿಡಿ ಎಂದು ಯಾರೂ ಉಪದೇಶಿಸಲಿಲ್ಲ, 5.5ರ ಕಡ್ಡಿ ಕೊಟ್ಟೆವು, ಸರಿಹೋಯಿತು.

ಸಣ್ಣ ಕಡ್ಡಿ, ಸಣ್ಣ ನೂಲಿನ ಕೆಲಸ ಕೀಳೆಂದು ಇಲ್ಲಿ ಹೇಳುತ್ತಿಲ್ಲ. ಆಂಧ್ರದ ನರಸಾಪುರದ ಕ್ರೋಶಾ ಲೇಸ್ ಅದೇ ನಾಜೂಕಿನದು, 2024ರಲ್ಲಿ ಅದಕ್ಕೆ ಜಿಐ ಟ್ಯಾಗ್ ಸಿಕ್ಕಿದೆ. ಆ ಊರಿನ ಲೇಸ್ ಹೆಣೆಯುವ ಹೆಂಗಸರ ಬಗ್ಗೆ ಮರಿಯಾ ಮೀಸ್ ಎಂಬ ಜರ್ಮನ್ ಸಮಾಜಶಾಸ್ತ್ರಜ್ಞೆ 1982ರಲ್ಲಿ ಪುಸ್ತಕ ಬರೆದರು. ಲೇಸ್ ವಿದೇಶಕ್ಕೆ ಹೋಗುತ್ತದೆ, ಹೆಣೆದವಳನ್ನು ಮಾತ್ರ ಬಿಡುವಿನಲ್ಲಿ ಕೈ ಆಡಿಸುವ ಗೃಹಿಣಿ ಎಂದು ಲೆಕ್ಕ ಹಿಡಿದು ಕೂಲಿ ಕಡಿಮೆ ಕೊಡುತ್ತಾರೆ ಎಂಬುದು ಅದರ ಮುಖ್ಯ ಮಾತು. ನಮ್ಮ ಓಣಿಗೂ ಈ ಮಾತು ಬಂದಿದೆ. ಮೊಬೈಲ್ ಚೀಲಗಳ ಒಂದು ಆರ್ಡರ್ ತಂದವರು, "ಹೆಂಗೂ ಟಿವಿ ನೋಡ್ಕೋತ ಹಾಕ್ತೀರಲ್ಲ" ಎಂದು ದರ ಇಳಿಸಲು ನೋಡಿದರು. ಒಂದು ಚೀಲಕ್ಕೆ ಎಷ್ಟು ತಾಸು ಬೇಕೆಂದು ಅಂಗನವಾಡಿ ಅಕ್ಕ ಅವರೆದುರೇ ವಹಿಯಲ್ಲಿ ಬರೆದರು, ಕ್ರಾಸಿಂಗ್‌ನ ದಿನಗೂಲಿಯನ್ನು ಪಕ್ಕದಲ್ಲಿ ಬರೆದರು. ಮಾತು ಇನ್ನೂ ಮುಗಿದಿಲ್ಲ.

ದರ ಕುದುರಿದರೆ ದಾರವನ್ನು ಒಂದೇ ಸಲಕ್ಕೆ ತರಬೇಕು. ಬಣ್ಣದ ಹೆಸರು ಒಂದೇ ಇದ್ದರೂ ಲಾಟ್ ಬೇರೆಯಾದರೆ ಛಾಯೆ ಬೇರೆಯಾಗುತ್ತದೆ, ಚೀಲದ ನಡುವೆ ಪಟ್ಟಿ ಕಾಣುತ್ತದೆ. ಹಳೆಯ ಉಂಡೆಯ ಲೇಬಲ್ಲನ್ನು ಟೇಲರ್ ಅಕ್ಕ ಮಷಿನ್ನಿನ ಡ್ರಾಯರ್‌ನಲ್ಲಿ ಇಟ್ಟಿದ್ದಾರೆ.