ಎರಡು ತೋಳಿನ ನಡುವೆ ಸೈಕಲ್ ಸವಾರಿ

ಬೆಂಗಳೂರು, ಮಳವಳ್ಳಿ ಕಡೆಯಿಂದ ಮಾದಪ್ಪನ ಬೆಟ್ಟಕ್ಕೆ ಹೊರಟವರು ಕೊಳ್ಳೇಗಾಲ ಮುಟ್ಟುವ ಮೊದಲು ಸತ್ತೇಗಾಲದ ಬಳಿ ಕಾವೇರಿಯನ್ನು ದಾಟುತ್ತಾರೆ. ಬಿಡುವಿದ್ದವರು ದಾರಿಯಲ್ಲಿ ಗಗನಚುಕ್ಕಿಯನ್ನೋ ಭರಚುಕ್ಕಿಯನ್ನೋ ನೋಡಿ, ಫೋಟೋ ತೆಗೆಸಿಕೊಂಡು ಮತ್ತೆ ಬಸ್ ಹತ್ತುತ್ತಾರೆ. ಎರಡನ್ನೂ ನೋಡಿದವರನ್ನು ಕೇಳಿದರೂ, ‘ಅಲ್ಲಿ ಎರಡು ಜಲಪಾತ ಇವೆ’ ಎಂದಾರೇ ಹೊರತು ನಡುವೆ ಒಂದು ನಡುಗಡ್ಡೆ ಇದೆ ಎನ್ನುವವರು ಕಡಿಮೆ.

ಆ ನಡುಗಡ್ಡೆಯೇ ಶಿವನಸಮುದ್ರ. ಉದ್ದ ಸುಮಾರು ಮೂರು ಮೈಲಿ, ಅಗಲ ಒಂದು ಮೈಲಿಗೂ ಕಡಿಮೆ. ಇದನ್ನು ಅರಿಯಲು ಸೈಕಲ್ಲಿಗಿಂತ ಒಳ್ಳೆಯ ವಾಹನ ಇಲ್ಲ.

ಕೊಳ್ಳೇಗಾಲದಿಂದ ಸುಮಾರು 15 ಕಿ.ಮೀ. ದಾರಿ. ಹೆದ್ದಾರಿಯಲ್ಲಿ ಲಾರಿಗಳ ಓಡಾಟ ಇರುವುದರಿಂದ ಬೆಳಗ್ಗೆಯೇ ಹೊರಡುವುದು ಮೇಲು. ಸತ್ತೇಗಾಲದಲ್ಲಿ ಹೆದ್ದಾರಿ ಬಿಟ್ಟು ತಿರುಗಿದರೆ ಬತ್ತದ ಗದ್ದೆ, ತೆಂಗಿನ ತೋಟ. ಮುಂದೆ ಸೇತುವೆ. ಪಕ್ಕದಲ್ಲೇ ಕಲ್ಲುಕಂಬಗಳ ಮೇಲೆ ನಿಂತ ಹಳೆಯ ವೆಲ್ಲೆಸ್ಲಿ ಸೇತುವೆ ಕಾಣುತ್ತದೆ. 1830ರ ಆಸುಪಾಸಿನಲ್ಲಿ ಇದನ್ನು ಕಟ್ಟಿಸಿದವರು ತಿರುಮಕೂಡಲಿನ ರಾಮಸ್ವಾಮಿ ಮೊದಲಿಯಾರ್. ಎಷ್ಟೋ ಪ್ರವಾಹ ತಡೆದ ಈ ಸೇತುವೆ ಈಚಿನ ವರ್ಷಗಳ ನೆರೆಗಳಲ್ಲಿ ಪೆಟ್ಟು ತಿಂದಿದೆ.

ಸೇತುವೆ ದಾಟುವಾಗ ಸೈಕಲ್ ನಿಲ್ಲಿಸಿ ನೀರು ನೋಡಬೇಕು. ಇದು ಕಾವೇರಿಯ ಪೂರ್ವದ ತೋಳು. ಇಲ್ಲಿ ಬಂಡೆಗಳ ನಡುವೆ ಮೆಲ್ಲಗೆ ಹರಿಯುವ ನೀರೇ ಮುಂದೆ ಹೋಗಿ ಭರಚುಕ್ಕಿಯಾಗಿ ಬೀಳುತ್ತದೆ. ನನ್ನ ಜೊತೆ ಬಂದಿದ್ದ ಅಕ್ಕನ ಮಗ ಹತ್ತನೆಯ ತರಗತಿಯವನು. ‘ಮಾಮ, ಇನ್ನೊಂದು ತೋಳು ಎಲ್ಲಿ?’ ಎಂದ. ‘ತುಳಿ, ಸಿಗುತ್ತೆ’ ಎಂದೆ.

ಮೊದಲು ಸಿಗುವುದು ರಂಗನಾಥನ ಗುಡಿ. ಶ್ರೀರಂಗಪಟ್ಟಣದ್ದು ಆದಿರಂಗ, ಇಲ್ಲಿನದು ಮಧ್ಯರಂಗ, ತಮಿಳುನಾಡಿನ ಶ್ರೀರಂಗದ್ದು ಅಂತ್ಯರಂಗ. ಮೂರೂ ಕಾವೇರಿಯ ನಡುಗಡ್ಡೆಗಳೇ ಎಂಬುದನ್ನು ಭೂಪಟ ಬಿಡಿಸಿ ಮಕ್ಕಳಿಗೆ ತೋರಿಸಬಹುದು. ಸೋಮೇಶ್ವರನ ಗುಡಿಯೂ ಇಲ್ಲೇ ಇದೆ. ನಡುಗಡ್ಡೆಯ ಇನ್ನೊಂದು ಮಗ್ಗುಲಿಗೆ ಸಾಗಿದರೆ ದರ್ಗಾ. ಅದರ ಹತ್ತಿರವೇ ಗಗನಚುಕ್ಕಿಯ ಮೊರೆತ. ಹುಡುಗನ ಪ್ರಶ್ನೆಗೆ ಉತ್ತರ ಅಲ್ಲಿ ಸಿಕ್ಕಿತು. ಪಶ್ಚಿಮದ ತೋಳು ಕಣ್ಣೆದುರೇ ಕಣಿವೆಗೆ ಧುಮುಕುತ್ತಿತ್ತು. ಒಂದು ದಡದಿಂದ ಇನ್ನೊಂದು ದಡಕ್ಕೆ ಬರಲು ಹಿಡಿದದ್ದು ಕೆಲವೇ ನಿಮಿಷ. ಗಗನಚುಕ್ಕಿಯನ್ನು ಎದುರಿನಿಂದ ನೋಡುವ ಕಟ್ಟೆ ಮಳವಳ್ಳಿ ಕಡೆಯ ದಡದಲ್ಲಿದೆ. ಅಲ್ಲಿಗೆ ಹೋಗಲು ಮತ್ತೆ ಸತ್ತೇಗಾಲಕ್ಕೆ ಬಂದು, ಹೆದ್ದಾರಿಯ ಸೇತುವೆ ದಾಟಿ ಸುತ್ತಬೇಕು. ಬಸ್ಸಿನವರಿಗೆ ನಡುಗಡ್ಡೆ ಕಾಣದೆ ಹೋಗುವುದು ಈ ಸುತ್ತಿನಿಂದಲೇ.

ಆ ದಡಕ್ಕೆ ಇನ್ನೊಂದು ಹಿರಿಮೆಯೂ ಉಂಟು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೊಂಡ ಜಲವಿದ್ಯುತ್ ಯೋಜನೆ 1902ರಲ್ಲಿ ಫಲ ಕೊಟ್ಟಿತು. ನದಿಯ ನೀರನ್ನು ಕಾಲುವೆಯಲ್ಲಿ ತಿರುಗಿಸಿ, ದೊಡ್ಡ ಕೊಳವೆಗಳಲ್ಲಿ ಕೆಳಗಿಳಿಸಿ ತಯಾರಿಸಿದ ವಿದ್ಯುತ್ತು ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹೋಯಿತು. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು ಆಮೇಲೆ, 1905ರಲ್ಲಿ. ಆಗ ಕೊಳ್ಳೇಗಾಲ ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಅಂದರೆ ವಿದ್ಯುದಾಗಾರದ ದಡ ಮೈಸೂರು ಸಂಸ್ಥಾನದ್ದು, ನಾವು ಸೈಕಲ್ ತುಳಿದ ನಡುಗಡ್ಡೆ ಮದರಾಸಿನದು! ಎರಡೂ ಒಂದೇ ರಾಜ್ಯಕ್ಕೆ ಸೇರಿದ್ದು 1956ರಲ್ಲಿ.

ಬೇಸಿಗೆಯಲ್ಲಿ ನದಿ ಸೊರಗಿದಾಗ ಯಂತ್ರಗಳಿಗೆ ನೀರು ಸಾಲುತ್ತಿರಲಿಲ್ಲ. ವರ್ಷವಿಡೀ ನೀರು ಕೊಡುವುದೂ ಕನ್ನಂಬಾಡಿ ಕಟ್ಟೆಯ ಒಂದು ಉದ್ದೇಶವಾಗಿತ್ತು. ಅದರ ಕೆಲಸ ಆರಂಭವಾದದ್ದು 1911ರಲ್ಲಿ. ಇಂದಿಗೂ ಕನ್ನಂಬಾಡಿ, ಕಬಿನಿ ಅಣೆಕಟ್ಟುಗಳಿಂದ ಎಷ್ಟು ನೀರು ಬಿಡುತ್ತಾರೆ ಎಂಬುದರ ಮೇಲೆ ಇಲ್ಲಿನ ಜಲಪಾತಗಳ ಅಂದ ನಿಂತಿದೆ.

ಅಪಾಯವೂ ಅದರಿಂದಲೇ. ಭರಚುಕ್ಕಿಯ ಮೆಟ್ಟಿಲಿಳಿದರೆ ಕೆಳಗೆ ಮೊಣಕಾಲುದ್ದದ ನೀರು ಕಂಡು ಯಾರಿಗಾದರೂ ಇಳಿಯುವ ಆಸೆಯಾಗುತ್ತದೆ. ಹುಡುಗನೂ ಚಪ್ಪಲಿ ಬಿಟ್ಟ. ಹರಿಗೋಲು ಕವುಚಿ ಹಾಕಿ ಕೂತಿದ್ದ ಹಿರಿಯರೊಬ್ಬರು ಕೂಗಿದರು: ‘ಅಲ್ಲೇ ನಿಂತ್ಕೊ ಕನಪ್ಪ! ಇಲ್ಲಿ ಬಿಸ್ಲಿದ್ರೂ ಮ್ಯಾಲೆ ಮಳೆ ಬಿದ್ದಿರ್ತದ. ಕಟ್ಟೆ ಬಾಗ್ಲು ತಗುದ್ರೆ ನೀರು ಹೇಳ್ದೆ ಕೇಳ್ದೆ ಬತ್ತದ.’ ಪಾಚಿ ಕಟ್ಟಿದ ಬಂಡೆ, ಆಳ ತಿಳಿಯದ ಮಡು, ಸುಳಿ. ಇಲ್ಲಿ ಈಜಲು ಹೋಗಿ ಜೀವ ಕಳೆದುಕೊಂಡವರಲ್ಲಿ ಕಾಲೇಜು ಹುಡುಗರೂ ಇದ್ದಾರೆ. ಹುಡುಗ ಮರುಮಾತಾಡದೆ ಚಪ್ಪಲಿ ಮೆಟ್ಟಿಕೊಂಡ.

ತಂದೆತಾಯಂದಿರೇ, ‘ಸೈಕಲ್ ಬೇಡ’ ಎನ್ನುವ ಬದಲು ‘ನೀರಿಗೆ ಇಳಿಯಬೇಡ’ ಎಂದು ಹೇಳಿ ಕಳಿಸಿ. ಜೊತೆಗೆ ದೊಡ್ಡವರೊಬ್ಬರು ಇರಲಿ. ಪಂಕ್ಚರ್ ಸಾಮಾನು, ಗಾಳಿ ಹೊಡೆಯುವ ಪಂಪು, ಕುಡಿಯುವ ನೀರು, ಬುತ್ತಿ ಕಟ್ಟಿಕೊಡಿ. ಜುಲೈನಿಂದ ಅಕ್ಟೋಬರ್‌ವರೆಗೆ ಜಲಪಾತಗಳು ತುಂಬಿರುತ್ತವೆ. ಹೊರಡುವ ಮುನ್ನ ಅಣೆಕಟ್ಟಿನ ನೀರಿನ ಸುದ್ದಿಯನ್ನು ಪತ್ರಿಕೆಯಲ್ಲಿ ನೋಡಿಕೊಳ್ಳಿ. ಹೊರಹರಿವು ಹೆಚ್ಚಿದ್ದರೆ ಪ್ರವಾಸವನ್ನು ಮುಂದಿನ ಭಾನುವಾರಕ್ಕೆ ಹಾಕಿ.

ವಿದ್ಯಾರ್ಥಿಗಳು ಒಂದು ಹಾಳೆ, ಪೆನ್ಸಿಲ್ ಒಯ್ಯಲಿ. ಸೇತುವೆ, ಗುಡಿ, ದರ್ಗಾ, ಎರಡು ಜಲಪಾತ, ಇವನ್ನು ಗುರುತಿಸಿ ತಾವೇ ಒಂದು ನಕ್ಷೆ ಬರೆಯಲಿ. ನದಿ ಎಲ್ಲಿ ಕವಲೊಡೆಯಿತು, ಎಲ್ಲಿ ಮತ್ತೆ ಕೂಡಿತು ಎಂಬುದನ್ನು ಗೆರೆ ಎಳೆದು ತೋರಿಸಲಿ. ನಮ್ಮ ಹುಡುಗ ಬರೆದ ನಕ್ಷೆ ಈಗ ಅವನ ಭೂಗೋಳ ಪುಸ್ತಕದೊಳಗಿದೆ.