ಒಂದೇ ಸೂಲಿನ ಜೋಡಿ

ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಗೆ ಅಕ್ಕಲಕೋಟೆಯಿಂದ ಸೊಲ್ಲಾಪುರಕ್ಕೆ ಹೋದಾಗ ಮಗಳಿಗೆ ಎರಡು ಮೊಲದ ಮರಿ ಕೊಡಿಸಿದೆವು. ಎರಡೂ ಹೆಣ್ಣು, ಬೇರೆ ಬೇರೆ ತಾಯಿಯವು ಅಂತ ಮಾರುವವನು ಹೇಳಿದ. ಎಳೆ ಮೊಲದಲ್ಲಿ ಗಂಡು ಯಾವುದು, ಹೆಣ್ಣು ಯಾವುದು ಎಂದು ತಿಳಿಯುವುದು ಕಷ್ಟ. ಗಂಡಿನ ಬೀಜ ಇಳಿಯಲು ಎರಡೂವರೆ, ಮೂರು ತಿಂಗಳು ಬೇಕು. ನಾಲ್ಕು ತಿಂಗಳಾಗುವ ಹೊತ್ತಿಗೆ ಮೊಲ ಗಬ್ಬ ಕಟ್ಟಬಲ್ಲದು.

ಏಪ್ರಿಲ್ ಕೊನೆಯಲ್ಲಿ ಒಂದು ಮೊಲ ತನ್ನ ಎದೆಯ ಕೂದಲು ಕಿತ್ತು ಮೂಲೆಗೆ ಹಾಸತೊಡಗಿತು. ರೋಗ ಬಂತೆಂದು ಮಗಳು ಅತ್ತಳು. ಮರುದಿನ ಬೆಳಿಗ್ಗೆ ಆ ಕೂದಲಿನಲ್ಲಿ ಆರು ಮರಿ ಇದ್ದವು. ಕಣ್ಣು ತೆರೆದಿರಲಿಲ್ಲ, ಮೈಮೇಲೆ ಕೂದಲಿರಲಿಲ್ಲ. ಮಾರಿದವನಿಗೆ ಫೋನ್ ಮಾಡಿದೆ. ಎರಡೂ ಒಂದೇ ಸೂಲಿನವು, ಅಣ್ಣ ತಂಗಿ ಎಂದು ಆಗ ಹೇಳಿದ.

ನಮ್ಮ ಕಡೆಯ ಬೇಸಿಗೆ 43 ಡಿಗ್ರಿ ದಾಟುತ್ತದೆ. ಮೊಲಕ್ಕೆ 35 ಡಿಗ್ರಿಯೇ ತಡೆಯದು. ಗೋಣಿತಟ್ಟು ತೋಯಿಸಿ ಪಂಜರಕ್ಕೆ ಹೊದಿಸಿದೆವು. ಪಕ್ಕದ ಮನೆಯವರು ಕೇಳದೇ ತಮ್ಮ ಕೂಲರ್ ತಂದಿಟ್ಟರು. ಆದರೂ ಮೊದಲ ಮಧ್ಯಾಹ್ನವೇ ಎರಡು ಮರಿ ಸತ್ತವು. ಇನ್ನೊಂದರ ಹಿಂಗಾಲುಗಳು ಎರಡು ಕಡೆಗೆ ಚಾಚಿಕೊಂಡೇ ಇರುತ್ತಿದ್ದವು. ತಾಯಿ ಮೊಲ ದಿನಕ್ಕೆ ಒಂದು ಸಲ, ಅದೂ ನಾಲ್ಕೈದು ನಿಮಿಷ ಮಾತ್ರ ಹಾಲು ಕೊಡುತ್ತದೆ. ಅಷ್ಟರೊಳಗೆ ಆ ಮರಿಗೆ ಮೊಲೆಯ ಹತ್ತಿರ ತೆವಳಲಾಗುತ್ತಿರಲಿಲ್ಲ. ಹನಿಹನಿ ಹಾಲು ಬಿಟ್ಟು ನೋಡಿದೆವು. ಉಳಿಯಲಿಲ್ಲ.

ಈದ ದಿನವೇ ಮೊಲ ಮತ್ತೆ ಗಬ್ಬ ಕಟ್ಟಬಲ್ಲದು ಎಂಬುದು ನಮ್ಮಲ್ಲಿ ಯಾರಿಗೂ ತಿಳಿದಿರಲಿಲ್ಲ. ಒಂದು ತಿಂಗಳಿಗೆ ಅದು ಮತ್ತೆ ಈಯಿತು. ಎಲ್ಲವೂ ಸತ್ತೇ ಹುಟ್ಟಿದವು. ಆ ರಾತ್ರಿ ತಾಯಿಯೂ ಮೇವು ಮುಟ್ಟಲಿಲ್ಲ. ಅದೂ ಹೋಗುತ್ತದೆ ಅಂದುಕೊಂಡೆ. ಬೆಳಗಿನ ಜಾವ ಎರಡು ಎಸಳು ಕೊತ್ತಂಬರಿ ತಿಂದಿತು.

ಮೊದಲ ಸೂಲಿನಲ್ಲಿ ಉಳಿದ ಮೂರರಲ್ಲಿ ಬಿಳಿಯದೊಂದು ಸೊರಗುತ್ತಾ ಹೋಯಿತು. ಮೇವಿಗೆ ಬಾಯಿ ಹಾಕುತ್ತಿತ್ತು, ಕಚ್ಚಲಾಗದೆ ಬಿಡುತ್ತಿತ್ತು. ಗದ್ದ ಸದಾ ಜೊಲ್ಲಿನಿಂದ ಒದ್ದೆ. ತುಟಿ ಸರಿಸಿ ನೋಡಿದೆ. ಕೆಳಗಿನ ಹಲ್ಲು ಹೊರಕ್ಕೆ ಚಾಚಿದ್ದವು. ಮೇಲಿನವು ಒಳಕ್ಕೆ ಸುರುಳಿಯಾಗಿ ಅಂಗುಳಕ್ಕೆ ತಾಗುತ್ತಿದ್ದವು.

ಸೊಲ್ಲಾಪುರಕ್ಕೆ ಎಸ್‌ಟಿ ಬಸ್ಸಿನಲ್ಲಿ ಒಯ್ದೆವು. ಅವ್ವನೂ ಬಂದಳು. ಮೊಲದ ಮುಂದಿನ ಹಲ್ಲು ವರ್ಷಕ್ಕೆ 10 ಸೆಂಟಿಮೀಟರಿಗೂ ಹೆಚ್ಚು ಬೆಳೆಯುತ್ತವೆ, ಮೇಲಿನದಕ್ಕೆ ಕೆಳಗಿನದು ಉಜ್ಜಿಯೇ ಸವೆಯಬೇಕು ಎಂದು ಡಾಕ್ಟರು ಹೇಳಿದರು. ಎಳೆಯದರಲ್ಲಿ ಹೀಗಾದರೆ ಹೆಚ್ಚಾಗಿ ಹುಟ್ಟಿನಿಂದ ಬಂದದ್ದು. ತಂದೆತಾಯಿಯ ಹಲ್ಲು ನೆಟ್ಟಗಿದ್ದರೂ ಒಳಗೆ ಒಂದೊಂದು ಪಾಲು ದೋಷ ಅಡಗಿರುತ್ತದೆ. ಎರಡು ಪಾಲೂ ಒಂದೇ ಮರಿಗೆ ಬಂದರೆ ಅದು ಹೊರಬೀಳುತ್ತದೆ. ಹೊರಗಿನ ಜೋಡಿಯಲ್ಲಿ ಇದು ಅಪರೂಪ. ಅಣ್ಣ ತಂಗಿಯ ಮರಿಯಲ್ಲಿ ಯಾವುದೇ ಜೀನಿನ ಎರಡೂ ಪ್ರತಿ ಒಂದೇ ಹಿರಿಯರಿಂದ ಬಂದಿರುವ ಸಂಭವ 25 ಪ್ರತಿಶತ. ಮನುಷ್ಯರಲ್ಲಿ ಸೋದರಮಾವ ಸೊಸೆಯ ಮಕ್ಕಳಿಗೆ ಅದು 12.5.

ಅವ್ವ ಸುಮ್ಮನೆ ಕೂತು ಕೇಳಿದಳು. ಆಮೇಲೆ ಕೇಳಿದಳು: "ನನ್ನ ಸಣ್ಣ ಮಗಗ ಹುಟ್ಟಿದಾಗಿಂದ ಕಿವಿ ಕೇಳಸೂದಿಲ್ಲರಿ. ನನ್ನ ನಮ್ಮ ಸೋದರಮಾವಗ ಕೊಟ್ಟಾರ. ಅದಕ್ಕ ಹಂಗಾತೇನ್ರಿ?"

ಅಲ್ಲಿಯವರೆಗೆ ಮರಾಠಿಯಲ್ಲಿ ಮಾತಾಡುತ್ತಿದ್ದ ಡಾಕ್ಟರು ಅವಳಿಗೆ ಕನ್ನಡದಲ್ಲೇ ಉತ್ತರ ಕೊಟ್ಟರು. ಹತ್ತಿರದ ಸಂಬಂಧದಲ್ಲಿ ಹುಟ್ಟುಕಿವುಡು ಹೆಚ್ಚು ಕಾಣುತ್ತದೆ, ಆದರೆ ನಿಮ್ಮ ಮಗನಿಗೆ ಅದರಿಂದಲೇ ಆಯಿತು ಎಂದು ನಾನು ಹೇಳಲಾರೆ, ನಾನು ಪ್ರಾಣಿಗಳ ಡಾಕ್ಟರು ಅಂದರು. ಅವ್ವನ ಪ್ರಶ್ನೆಯನ್ನು ನಾನು ಅವತ್ತೇ ಮೊದಲು ಕೇಳಿದ್ದು. ಅವಳನ್ನು ಕೊಟ್ಟಾಗ ಅವಳಿಗೆ ಹದಿನಾರು. ಯಾರೂ ಅವಳನ್ನು ಕೇಳಿರಲಿಲ್ಲ. ಮಗ ಕಿವುಡನಾದದ್ದು ತನ್ನ ಯಾವುದೋ ಪಾಪಕ್ಕೆ ಎಂದು ಇಷ್ಟು ವರ್ಷ ನಂಬಿದ್ದಳಂತೆ. ಬಸ್ಸಿನಲ್ಲಿ ವಾಪಸು ಬರುವಾಗ ಹೇಳಿದಳು.

ನಾಲ್ಕೈದು ವಾರಕ್ಕೊಮ್ಮೆ ಆ ಮೊಲದ ಹಲ್ಲನ್ನು ಡಾಕ್ಟರ ಬಳಿ ಯಂತ್ರದಿಂದ ಸವೆಸಬೇಕಾಗುತ್ತಿತ್ತು. ಕತ್ತರಿ ಹಾಕಿದರೆ ಹಲ್ಲು ಬೇರಿನವರೆಗೆ ಸೀಳಬಹುದು, ಮನೆಯಲ್ಲಿ ಮಾಡಬೇಡಿ ಎಂದಿದ್ದರು. ಟವೆಲ್ಲಿನಲ್ಲಿ ಸುತ್ತಿ, ಕಣ್ಣು ಮುಚ್ಚಿ ನಾನೇ ಹಿಡಿಯುತ್ತಿದ್ದೆ. ಯಂತ್ರ ತಾಗಿದಾಗ ಸುಟ್ಟ ಕೂದಲಿನಂಥ ವಾಸನೆ. ಅದರ ಎದೆಬಡಿತ ನನ್ನ ಅಂಗೈಗೆ ಎಣಿಸಲಾಗದಷ್ಟು ಜೋರಾಗಿ ಹೊಡೆಯುತ್ತಿತ್ತು. ಅದು ಸದ್ದು ಮಾಡುತ್ತಿರಲಿಲ್ಲ. ಪ್ರತಿ ಸಲವೂ ಇನ್ನು ಸಾಕು, ಮುಗಿಸಿಬಿಡಿ ಎಂದು ಹೇಳಬೇಕೆನಿಸುತ್ತಿತ್ತು. ಮನೆಗೆ ಬಂದ ಮೇಲೆ ಅದು ತಿನ್ನುವುದನ್ನು ನೋಡಿ ಸುಮ್ಮನಾಗುತ್ತಿದ್ದೆ.

ದೀಪಾವಳಿಯ ನಂತರ ಆ ಮುಂದಿನ ಹಲ್ಲುಗಳನ್ನೇ ಕೀಳಿಸಿದೆವು. ಅರಿವಳಿಕೆಯಲ್ಲಿ ಸಾಯುವ ಭಯವಿತ್ತು. ಎಚ್ಚರಾಯಿತು. ಈಗ ಮೆಂತ್ಯೆ, ಲಸೂಣ ಘಾಸು (ಕುದುರೆ ಮಸಾಲೆ ಸೊಪ್ಪು) ಸಣ್ಣಗೆ ಹೆಚ್ಚಿ ಕೊಟ್ಟರೆ ತುಟಿಯಿಂದ ಎಳೆದುಕೊಂಡು ದವಡೆ ಹಲ್ಲಿನಲ್ಲಿ ಅರೆಯುತ್ತದೆ. ಹೆಚ್ಚುವುದು ಅವ್ವನ ಕೆಲಸ. ತಂದೆ ಮೊಲದ ಬೀಜ ತೆಗೆಸಿದ್ದೇವೆ.

ಉಳಿದ ಎರಡರ ಹಲ್ಲು ಸರಿಯಾಗಿವೆ. ನೋಡಲು ಚೆಂದ ಇವೆ ಅಂತ ಓಣಿಯಲ್ಲಿ ಮೂರ್ನಾಲ್ಕು ಮಂದಿ ಮರಿ ಹಾಕಿಸಲು ಕೇಳಿದರು. ಅವುಗಳ ಒಳಗೂ ಆ ದೋಷದ ಒಂದು ಪಾಲು ಇರಬಹುದು ಎಂದು ಹೇಳಿ, ಕೊಡಲಿಲ್ಲ.