ಸಿಕಂದರ್ ಗೆದ್ದದ್ದೇನು?

ಗೆದ್ದವನನ್ನು ನಾವು ಸಿಕಂದರ್ ಎನ್ನುತ್ತೇವೆ. ಕ್ರಿಕೆಟ್ ಪಂದ್ಯವಿರಲಿ, ಚುನಾವಣೆಯಿರಲಿ, ಗೆದ್ದು ಬಂದವನ ಬೆನ್ನು ತಟ್ಟುವಾಗ ಉರ್ದು ಮಾತಾಡುವ ಮನೆಗಳಲ್ಲಿ ಬಾಯಿಗೆ ಬರುವ ಹೆಸರು ಅದು. ಮಗನಿಗೆ ಆ ಹೆಸರಿಟ್ಟವರೂ ನಮ್ಮ ನಡುವೆ ಇದ್ದಾರೆ. ಶಾಲೆಗೆ ಹೋದರೆ ಅದೇ ವ್ಯಕ್ತಿ ಅಲೆಗ್ಸಾಂಡರ್ ಎಂಬ ಹೆಸರಿನಲ್ಲಿ, 'ಮಹಾನ್' ಎಂಬ ಬಿರುದಿನೊಂದಿಗೆ ಎದುರಾಗುತ್ತಾನೆ. ನಾವೂ ಆ ಪಾಠವನ್ನು ಬಾಯಿಪಾಠ ಮಾಡಿ ಅಂಕ ಗಳಿಸಿದವರೇ. ಈಗ ನಮ್ಮ ಮಕ್ಕಳು ಅದನ್ನೇ ಓದುವಾಗ ಒಂದು ಪ್ರಶ್ನೆ ಕಾಡುತ್ತದೆ. ಆತನನ್ನು ಮಹಾನ್ ಮಾಡಿದ್ದು ಯಾವುದು?

ಕ್ರಿ.ಪೂ. 356ರಲ್ಲಿ ಗ್ರೀಸಿನ ಉತ್ತರಕ್ಕಿರುವ ಮಾಸಿಡೋನಿಯದ ಪೆಲ್ಲಾದಲ್ಲಿ ಆತನ ಜನನ. ತಂದೆ ದೊರೆ ಫಿಲಿಪ್, ತಾಯಿ ಒಲಿಂಪಿಯಾಸ್, ಗುರು ಜಗದ್ವಿಖ್ಯಾತ ತತ್ವಜ್ಞಾನಿ ಅರಿಸ್ಟಾಟಲ್. ಕ್ರಿ.ಪೂ. 336ರಲ್ಲಿ ತಂದೆಯ ಕೊಲೆಯಾದಾಗ ಇಪ್ಪತ್ತರ ತರುಣ ಪಟ್ಟವೇರಿದ. ಮರುವರ್ಷವೇ ಗ್ರೀಸಿನ ಥೀಬ್ಸ್ ನಗರ ದಂಗೆಯೆದ್ದಿತು. ನಗರವನ್ನು ನೆಲಸಮ ಮಾಡಲಾಯಿತು. ಸುಮಾರು 6,000 ಮಂದಿ ಹತರಾದರು, 30,000 ಮಂದಿ ಗುಲಾಮರಾಗಿ ಮಾರಾಟವಾದರು ಎಂದು ಪ್ರಾಚೀನ ಇತಿಹಾಸಕಾರರು ಬರೆದಿದ್ದಾರೆ. ಅಂದು ಪಿಂಡಾರ್ ಎಂಬ ಕವಿಯ ಮನೆಯನ್ನು ಮಾತ್ರ ಆತ ಉಳಿಸಿದನಂತೆ. ಕವಿಯ ಮನೆ ಉಳಿಸಿದ ರಸಿಕತೆಯನ್ನು ಹೊಗಳುವವರಿದ್ದಾರೆ. ಅದರ ಪಕ್ಕದ ಮನೆಯಲ್ಲಿದ್ದವರ ಗತಿ ಏನಾಯಿತೆಂದು ಕೇಳುವವರು ಕಡಿಮೆ.

ಕ್ರಿ.ಪೂ. 334ರಲ್ಲಿ ಆತ ಏಶ್ಯಾಕ್ಕೆ ಕಾಲಿಟ್ಟ. ಗ್ರಾನಿಕಸ್, ಇಸ್ಸಸ್, ಗೌಗಮೇಲ ಈ ಮೂರು ಕದನಗಳಲ್ಲಿ ಪರ್ಶಿಯದ ವಿಶಾಲ ಸಾಮ್ರಾಜ್ಯ ಕುಸಿಯಿತು. ಈ ನಡುವೆ ಇಂದಿನ ಲೆಬನಾನಿನ ತೈರ್ ಬಂದರು ಏಳು ತಿಂಗಳ ಕಾಲ ಆತನಿಗೆ ಬಾಗಿಲು ತೆರೆಯಲಿಲ್ಲ. ಸಮುದ್ರಕ್ಕೇ ಕಲ್ಲು ಮಣ್ಣು ತುಂಬಿ ದಾರಿ ಮಾಡಿ ಕ್ರಿ.ಪೂ. 332ರಲ್ಲಿ ಅದನ್ನು ಹಿಡಿದ. ಸೈನಿಕ ವಿದ್ಯೆಯ ಪುಸ್ತಕಗಳು ಆ ದಾರಿಯನ್ನು ಇಂದಿಗೂ ಕೊಂಡಾಡುತ್ತವೆ. ನಗರ ಬಿದ್ದ ಮೇಲೆ 2,000 ಮಂದಿಯನ್ನು ಕಡಲ ತೀರದುದ್ದಕ್ಕೂ ಶಿಲುಬೆಗೇರಿಸಲಾಯಿತೆಂದು ರೋಮನ್ ಲೇಖಕ ಕರ್ಟಿಯಸ್ ಬರೆದಿದ್ದಾನೆ. ಈ ಸಾಲು ಮಾತ್ರ ಶಾಲೆಯ ಪಾಠದವರೆಗೆ ಬರಲಿಲ್ಲ.

ಒಬ್ಬನೇ ಮನುಷ್ಯ ಬೇರೆ ಬೇರೆ ಜನರ ನೆನಪಿನಲ್ಲಿ ಹೇಗೆ ಉಳಿಯುತ್ತಾನೆ ನೋಡಿ. ಕ್ರಿ.ಪೂ. 330ರಲ್ಲಿ ಆತನ ಸೇನೆ ಪರ್ಸೆಪೋಲಿಸ್‌ನ ಅರಮನೆಗಳಿಗೆ ಬೆಂಕಿಯಿಟ್ಟಿತು. ಪರ್ಶಿಯದ ಝೊರಾಸ್ಟ್ರಿಯನ್ ಧರ್ಮಗ್ರಂಥಗಳಲ್ಲಿ ಆತ 'ಶಾಪಗ್ರಸ್ತ'. ಮುಂದೆ ಅದೇ ನೆಲದ ಕವಿ ಫಿರ್ದೌಸಿಯ ಶಾಹ್‌ನಾಮೆಯಲ್ಲಿ ಆತ ಪರ್ಶಿಯದ ದೊರೆಯ ಮಗನೇ ಆಗಿಬಿಟ್ಟ! ಸೋಲಿಸಿದವನನ್ನು ಮನೆಮಗನೆಂದು ಕರೆದರೆ ಸೋಲಿನ ನೋವು ಸ್ವಲ್ಪ ಕಡಿಮೆಯಾಗುತ್ತದೆಯೋ ಏನೋ.

ಪವಿತ್ರ ಕುರ್‌ಆನಿನ ಅಲ್ ಕಹ್ಫ್ ಅಧ್ಯಾಯದಲ್ಲಿ ಬರುವ ದುಲ್‌ಕರ್ನೈನ್ ಈತನೇ ಎಂದು ಹಲವು ಹಳೆಯ ವ್ಯಾಖ್ಯಾನಕಾರರು ಬರೆದರು. ಆದರೆ ಮೌಲಾನಾ ಅಬುಲ್ ಕಲಾಂ ಆಝಾದರು ಅದು ಪರ್ಶಿಯದ ಸೈರಸ್ ಎಂದು ವಾದಿಸಿದರು. ಈ ಚರ್ಚೆಯನ್ನು ವಿದ್ವಾಂಸರಿಗೆ ಬಿಡೋಣ. ಕುರ್‌ಆನ್ ವರ್ಣಿಸುವ ಆ ದೊರೆ ದುರ್ಬಲ ಜನರಿಗೆ ತಡೆಗೋಡೆ ಕಟ್ಟಿಕೊಟ್ಟವನು. ಅದಕ್ಕಾಗಿ ಅವರು ಕೊಡಬಂದ ಕಪ್ಪವನ್ನು, ತನ್ನ ಪ್ರಭು ಕೊಟ್ಟದ್ದೇ ಉತ್ತಮವೆಂದು ನಿರಾಕರಿಸಿದವನು. ಇತ್ತ ಅಲೆಗ್ಸಾಂಡರ್ ಈಜಿಪ್ಟಿನ ಸಿವಾದಲ್ಲಿ ದೇವಪುತ್ರನೆಂದು ಕರೆಸಿಕೊಂಡು ಹಿಗ್ಗಿದವನು. ಗ್ರಾನಿಕಸ್‌ನಲ್ಲಿ ತನ್ನ ಪ್ರಾಣ ಉಳಿಸಿದ ಕ್ಲೈಟಸ್‌ನನ್ನೇ ಕ್ರಿ.ಪೂ. 328ರಲ್ಲಿ ಸಮರ್ಕಂದದ ಔತಣದಲ್ಲಿ, ಎದುರು ಮಾತಾಡಿದನೆಂದು ಕುಡಿದ ಅಮಲಿನಲ್ಲಿ ಈಟಿಯಿಂದ ಇರಿದು ಕೊಂದವನು. ಎರಡೂ ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟರೆ ನಾವು ಯಾವುದನ್ನು ಹಿರಿದೆನ್ನಬೇಕು?

ನಮ್ಮ ದೇಶದ ಪಾಠಗಳಲ್ಲಿ ಪೋರಸ್ ಇರುತ್ತಾನೆ. ಕ್ರಿ.ಪೂ. 326ರಲ್ಲಿ ಝೇಲಂ ನದಿಯ ದಡದಲ್ಲಿ ಸೋತು ನಿಂತ ಆತ, ತನ್ನನ್ನು ರಾಜನಂತೆ ನಡೆಸಿಕೊಳ್ಳಬೇಕೆಂದು ಕೇಳಿದ. ಅಲೆಗ್ಸಾಂಡರ್ ಮೆಚ್ಚಿ ರಾಜ್ಯ ಮರಳಿಸಿದ. ಇಬ್ಬರ ಘನತೆಯನ್ನೂ ತೋರಿಸುವ ಈ ಕಥೆ ಕೇಳಲು ಚೆನ್ನಾಗಿದೆ. ಅದೇ ದಿನ ಪೋರಸನ ಇಬ್ಬರು ಮಕ್ಕಳು ರಣರಂಗದಲ್ಲಿ ಹೆಣವಾಗಿದ್ದರೆಂದು ಇತಿಹಾಸಕಾರ ಆರಿಯನ್ ಬರೆದಿದ್ದಾನೆ. ಮರಳಿ ಸಿಕ್ಕ ಸಿಂಹಾಸನದ ಮೇಲೆ ಆ ತಂದೆ ಹೇಗೆ ಕುಳಿತನೋ!

ನಮ್ಮ ಮನಸ್ಸನ್ನು ಹೆಚ್ಚು ತಟ್ಟುವುದು ಅದರ ನಂತರದ ಘಟನೆ. ಬಿಯಾಸ್ ನದಿಯ ದಡದಲ್ಲಿ ಸೈನಿಕರು ಮುಂದಕ್ಕೆ ಬರಲೊಲ್ಲೆವೆಂದರು. ಎಂಟು ವರ್ಷಗಳ ನಡಿಗೆ, ಬಿಡದ ಮಳೆ, ಹರಿದ ಬಟ್ಟೆ, ಸತ್ತ ಒಡನಾಡಿಗಳು. ಮಕ್ಕಳ ಮುಖ ನೋಡಬೇಕು, ಮನೆಗೆ ಹೋಗಬೇಕು ಎಂಬ ಅವರ ಅಳಲನ್ನು ಕೀನಸ್ ಎಂಬ ಹಿರಿಯ ಸೇನಾನಿ ದೊರೆಯ ಮುಖದೆದುರೇ ಹೇಳಿದ. ದೊರೆ ಮುನಿಸಿಕೊಂಡು ಡೇರೆಯೊಳಗೆ ಕುಳಿತ. ಮೂರು ದಿನ ಕಾದರೂ ಸೈನಿಕರು ಮೆತ್ತಗಾಗಲಿಲ್ಲ. ಕೊನೆಗೆ ಮರಳಲೇಬೇಕಾಯಿತು. ಯಾವ ಚಕ್ರವರ್ತಿಯ ಖಡ್ಗವೂ ತಡೆಯದವನನ್ನು ಆತನದೇ ಸೈನಿಕರ ಮನೆಯ ನೆನಪು ತಡೆಯಿತು. ಆದರೂ ಮರಳುವ ದಾರಿಯ ಮಕ್ರಾನ್ ಮರುಭೂಮಿಯಲ್ಲಿ ಹಸಿವು ಬಾಯಾರಿಕೆಯಿಂದ ಸತ್ತವರು ಅಸಂಖ್ಯ.

ಕ್ರಿ.ಪೂ. 323ರ ಜೂನ್‌ನಲ್ಲಿ, 33 ತುಂಬುವ ಮೊದಲೇ, ಆತ ಬ್ಯಾಬಿಲೋನಿನಲ್ಲಿ ಜ್ವರದಿಂದ ತೀರಿಕೊಂಡ. ಸತ್ತಾಗ ಬರಿಗೈಯನ್ನು ಶವಪೆಟ್ಟಿಗೆಯ ಹೊರಗಿಡಲು ಹೇಳಿದನೆಂಬ ಕಥೆಯನ್ನು ನಾವು ಪ್ರವಚನಗಳಲ್ಲಿ ಕೇಳಿದ್ದೇವೆ. ಆರಿಯನ್, ಪ್ಲುಟಾರ್ಕ್ ಬರೆದ ಚರಿತ್ರೆಗಳಲ್ಲಿ ಅದಿಲ್ಲ. ನಿಜ ಸಂಗತಿ ಕಥೆಗಿಂತ ಕಠೋರ. ಸೇನಾನಿಗಳು ರಾಜ್ಯ ಹಂಚಿಕೊಂಡು ದಶಕಗಳ ಕಾಲ ಹೊಡೆದಾಡಿದರು. ಆತನ ತಾಯಿ, ಪತ್ನಿ ರೊಕ್ಸಾನ, ಎಳೆಯ ಮಗ ಮೂವರೂ ಕೊಲೆಯಾದರು. ಜಗತ್ತು ಗೆದ್ದವನಿಗೆ ಸ್ವಂತ ಮಗುವಿನ ರಕ್ಷಣೆಯನ್ನು ಬಿಟ್ಟುಹೋಗಲಾಗಲಿಲ್ಲ.

ಆತನ ಹೆಸರಿನ ಅಲೆಗ್ಸಾಂಡ್ರಿಯಾ ನಗರ ಮುಂದೆ ವಿದ್ಯೆಯ ತವರಾಯಿತು. ಯೂಕ್ಲಿಡ್, ಎರಟೋಸ್ಥನೀಸ್‌ರಂಥವರು ಅಲ್ಲಿ ದುಡಿದರು. ಅದನ್ನು ಅಲ್ಲಗಳೆಯಬೇಕಿಲ್ಲ. ಆತನ ಧೈರ್ಯ, ಚಾಣಾಕ್ಷತೆಗಳನ್ನೂ ಮರೆಮಾಚಬೇಕಿಲ್ಲ. ಆದರೆ ಮಕ್ಕಳಿಗೆ ಈ ಪಾಠ ಹೇಳಿಕೊಡುವಾಗ ಥೀಬ್ಸ್, ತೈರ್‌ಗಳ ಹೆಸರನ್ನೂ ಸೇರಿಸಿ ಹೇಳೋಣ. ದೊರೆಯ ಎದುರು ನಿಂತು ಸಾಕು ಎಂದ ಕೀನಸನ ಹೆಸರನ್ನೂ ಹೇಳೋಣ. ಅದಾದ ಮೇಲೆ ಇವರಲ್ಲಿ ಮಹಾನ್ ಯಾರೆಂದು ಅವರನ್ನೇ ಕೇಳೋಣ. ದೊಡ್ಡವರಿಗಿಂತ ನೇರವಾದ ಉತ್ತರ ಅವರಿಂದ ಬಂದೀತು.